ಬೆಳೆ ಹಾಳಾಯಿತು, ದರ ಏಕೆ ಏರಲಿಲ್ಲ? ಒಂದು ಕ್ವಿಂಟಲ್ ತೊಗರಿಯ ಲೆಕ್ಕ

ಎಳ್ಳಮಾವಾಸ್ಯೆ ಮುಗಿದು ಕೆಲವು ದಿನಗಳಾಗಿದ್ದವು. ಕಲಬುರಗಿಯ ಕೃಷಿ ಮಾರುಕಟ್ಟೆಯಾದ ನೆಹರು ಗಂಜ್‌ನ ಅಡತಿ (ದಲ್ಲಾಳಿ) ಅಂಗಡಿಯೊಂದರ ಮುಂದೆ ಹೊಸ ತೊಗರಿಯ ರಾಶಿಗಳು ಸಾಲಾಗಿ ಬಿದ್ದಿದ್ದವು. ಖರೀದಿದಾರರೊಬ್ಬರು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳನ್ನು ಹಿಡಿ ತುಂಬ ಮೇಲೆತ್ತಿ, ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದರು. ಕಾಳು ಟಕ್ಕನೆ ಎರಡಾದರೆ ಒಣಗಿದೆ ಎಂದು ಅರ್ಥ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ಹಸಿ ಇದೆ ಎಂದು. ಆ ದಿನ ನಮ್ಮ ಕಾಕಾ ಅವರ ರಾಶಿಗೆ ಕ್ವಿಂಟಲ್‌ಗೆ 7,100 ರೂಪಾಯಿ ಬಂತು. ಕೇಂದ್ರ ಸರ್ಕಾರ 2025–26ನೇ ಸಾಲಿಗೆ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ 8,000 ರೂಪಾಯಿ.

ಊರಿಗೆ ಮರಳುವಾಗ ಕಾಕಾ ಕೇಳಿದರು: "ಮಳಿಗಿ ಹೊಲದಾಗ ನೀರ್ ನಿಂತು ಅರ್ಧ ತೊಗರಿ ಹೋಯ್ತು. ಮಾಲ್ ಕಡಿಮಿ ಆದ್ರ ರೇಟ್ ಏರ್ಬೇಕಲ್ಲೋ ತಮ್ಮಾ? ಇದ್ಯಾವ ಲೆಕ್ಕ?"

2025ರ ಮಳೆಗಾಲದಲ್ಲಿ ಅತಿವೃಷ್ಟಿಯಿಂದಲೂ ಭೀಮೆಯ ಪ್ರವಾಹದಿಂದಲೂ ಬೆಳೆ ಕಳೆದುಕೊಂಡ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಅನೇಕರ ಪ್ರಶ್ನೆ ಇದೇ. ಉತ್ತರ ಒಂದೇ ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಪತ್ರಿಕೆಯಲ್ಲಿ ಬರುವ 'ಸುಂಕರಹಿತ ಆಮದು', 'ಬೆಂಬಲ ಬೆಲೆ', 'ಹಣದುಬ್ಬರ', 'ದಾಸ್ತಾನು ಮಿತಿ' ಎಂಬ ಪದಗಳು ಬೇರೆ ಬೇರೆ ಸುದ್ದಿಗಳಂತೆ ಕಂಡರೂ ಅವೆಲ್ಲವೂ ಕೊನೆಗೆ ಆ ರಾಶಿಯ ಮುಂದೆಯೇ ಬಂದು ಕೂಡುತ್ತವೆ. ಆದ್ದರಿಂದ ಒಂದು ಕ್ವಿಂಟಲ್ ತೊಗರಿಯನ್ನೇ ಹಿಡಿದುಕೊಂಡು ಈ ಪದಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗೋಣ.

ಹೆಸರು ಒಂದೇ, ದರ ಬೇರೆ ಬೇರೆ

'ತೊಗರಿ ದರ' ಎಂದಾಗ ಮೊದಲು ಕೇಳಬೇಕಾದದ್ದು, ಯಾವ ದರ ಎಂದು. ರೈತನಿಗೆ ಗಂಜ್‌ನಲ್ಲಿ ಸಿಗುವುದು ಇಡೀ ಕಾಳಿನ ದರ, ಅದನ್ನು ಕ್ವಿಂಟಲ್ ಲೆಕ್ಕದಲ್ಲಿ ಹೇಳುತ್ತಾರೆ. ದಾಲ್ ಮಿಲ್‌ನಿಂದ ಹೊರಬೀಳುವುದು ಬೇಳೆ, ಅದಕ್ಕೆ ಸಗಟು ದರ. ಕಿರಾಣಿ ಅಂಗಡಿಯಲ್ಲಿ ನಾವು ಕೊಡುವುದು ಕಿಲೋ ಲೆಕ್ಕದ ಚಿಲ್ಲರೆ ದರ. ಟಿ.ವಿ.ಯಲ್ಲಿ 'ಬೇಳೆ ತುಟ್ಟಿ' ಎಂಬ ಸುದ್ದಿ ಬಂದ ದಿನ ತೊಗರಿ ಬೆಳೆಗಾರನ ಕೈಯಲ್ಲಿ ಕಾಳೇ ಇಲ್ಲದಿರುವುದು ಸಾಮಾನ್ಯ, ಏಕೆಂದರೆ ಆತ ಜನವರಿಯಲ್ಲೋ ಫೆಬ್ರುವರಿಯಲ್ಲೋ ಮಾರಿ ಮುಗಿಸಿರುತ್ತಾನೆ, ಬೇಳೆ ತುಟ್ಟಿಯಾಗುವುದು ಹೆಚ್ಚಾಗಿ ಹಳೆಯ ದಾಸ್ತಾನು ಕರಗಿದ ಮೇಲೆ.

ಕಾಳಿಗೂ ಬೇಳೆಗೂ ಇರುವ ನಂಟನ್ನು ಮಿಲ್ಲಿನ ಲೆಕ್ಕದಲ್ಲಿ ನೋಡಬಹುದು. ನೂರು ಕಿಲೋ ತೊಗರಿಯನ್ನು ಒಡೆದರೆ ಸುಮಾರು 70ರಿಂದ 75 ಕಿಲೋ ಬೇಳೆ ಸಿಗುತ್ತದೆ, ಉಳಿದದ್ದು ನುಚ್ಚು, ಹೊಟ್ಟು ಮತ್ತು ಪುಡಿಯಾಗಿ ದನದ ಮೇವಿಗೆ ಹೋಗುತ್ತದೆ. 72 ಕಿಲೋ ಎಂದು ಹಿಡಿದರೆ, ಕ್ವಿಂಟಲ್‌ಗೆ 7,000 ರೂಪಾಯಿಯ ಕಾಳಿನಿಂದ ಬಂದ ಬೇಳೆಯ ಮೂಲ ಬೆಲೆಯೇ ಕಿಲೋಗೆ ಸುಮಾರು 97 ರೂಪಾಯಿ. ಇದಕ್ಕೆ ಒಡೆಯುವ ಕೂಲಿ, ವಿದ್ಯುತ್, ಚೀಲ, ಸಾಗಣೆ, ಬಂಡವಾಳದ ಬಡ್ಡಿ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು ಕೂಡುತ್ತವೆ. ಹೊಟ್ಟು, ನುಚ್ಚಿನಿಂದ ಬಂದ ಹಣ ಸ್ವಲ್ಪ ಕಳೆಯುತ್ತದೆ. ಇದೇ ಲೆಕ್ಕದ ಪ್ರಕಾರ ಗಂಜ್‌ನಲ್ಲಿ ಕ್ವಿಂಟಲ್‌ಗೆ 1,000 ರೂಪಾಯಿ ಏರಿದರೆ ಬೇಳೆಯ ಮೇಲೆ ಬೀಳಬೇಕಾದ ಹೊರೆ ಕಿಲೋಗೆ 14 ರೂಪಾಯಿಯಷ್ಟು. ಅಂಗಡಿಯಲ್ಲಿ ಬೇಳೆ 40 ರೂಪಾಯಿ ಏರಿ ಗಂಜ್‌ನಲ್ಲಿ ಕಾಳು 1,000 ರೂಪಾಯಿಯಷ್ಟೇ ಏರಿದ್ದರೆ, ಆ ವ್ಯತ್ಯಾಸ ಹೊಲದ ಆಚೆ ಎಲ್ಲೋ ಹುಟ್ಟಿದೆ ಎಂದು ಯಾರು ಬೇಕಾದರೂ ಹೇಳಬಹುದು.

ದರ ಹುಟ್ಟುವ ಬಗೆ

ಗಂಜ್‌ನಲ್ಲಿ ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ ಇರುತ್ತದೆ. ಖರೀದಿದಾರರು ಮಾಲು ನೋಡಿ, ತಮ್ಮ ದರವನ್ನು ಆನ್‌ಲೈನ್ ಟೆಂಡರ್‌ನಲ್ಲಿ ನಮೂದಿಸುತ್ತಾರೆ. ಹೆಚ್ಚು ಬರೆದವರಿಗೆ ಆ ಲಾಟು. ಹೊರನೋಟಕ್ಕೆ ದರವನ್ನು ಆ ಹತ್ತಾರು ಖರೀದಿದಾರರೇ ನಿರ್ಧರಿಸಿದಂತೆ ಕಾಣುತ್ತದೆ. ಆದರೆ ಬರೆಯುವ ಮೊದಲು ಅವರು ಮೊಬೈಲಿನಲ್ಲಿ ನೋಡುವುದು ಲಾತೂರು, ಸೊಲ್ಲಾಪುರ, ಅಕೋಲಾ ಮಾರುಕಟ್ಟೆಗಳಲ್ಲಿ ತೊಗರಿ ಎಷ್ಟಕ್ಕೆ ನಡೆಯುತ್ತಿದೆ, ಮುಂಬೈ ಬಂದರಿಗೆ ಬಂದಿಳಿದ ಆಫ್ರಿಕಾದ ತೊಗರಿ ಎಷ್ಟಕ್ಕೆ ಸಿಗುತ್ತಿದೆ ಎಂಬುದನ್ನು. ಅಲ್ಲಿ ಅಗ್ಗಕ್ಕೆ ಸಿಗುವುದನ್ನು ಇಲ್ಲಿ ತುಟ್ಟಿ ಕೊಟ್ಟು ಕೊಳ್ಳಲು ಯಾವ ಮಿಲ್ಲಿನವರೂ ಒಪ್ಪುವುದಿಲ್ಲ.

ಕಾಕಾ ಅವರ ಪ್ರಶ್ನೆಗೆ ಉತ್ತರದ ಮೊದಲ ತುಂಡು ಇಲ್ಲಿದೆ. ಕಲಬುರಗಿ ತೊಗರಿಯ ಕಣಜ ನಿಜ, ಕರ್ನಾಟಕದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಜಿಲ್ಲೆ ಇದೇ. ಆದರೆ ದರ ಹುಟ್ಟುವುದು ಕಲಬುರಗಿಯ ಬೆಳೆಯಿಂದಲ್ಲ. ಇಡೀ ದೇಶದ ಬೆಳೆ, ಹಿಂದಿನ ವರ್ಷದ ಉಳಿಕೆ, ಹೊರಗಿನಿಂದ ಬಂದದ್ದು ಮೂರೂ ಸೇರಿದ ಮೊತ್ತದಿಂದ. ಜೇವರ್ಗಿಯಲ್ಲೋ ಅಫಜಲಪುರದಲ್ಲೋ ಹೊಲ ಮುಳುಗಿದರೆ ಆ ರೈತನ ಮನೆಗೆ ಅದು ನೂರಕ್ಕೆ ನೂರು ನಷ್ಟ, ದೇಶದ ಮೊತ್ತದಲ್ಲಿ ಮಾತ್ರ ಸಣ್ಣ ಭಾಗ. ನಷ್ಟ ಸ್ಥಳೀಯ, ದರ ರಾಷ್ಟ್ರೀಯ.

ಹಾಗಿದ್ದರೂ ಕೆಲವು ವರ್ಷ ಸಣ್ಣ ಕೊರತೆಗೇ ದರ ಜಿಗಿಯುವುದೇಕೆ? ಬೇಳೆ ತುಟ್ಟಿಯಾಯಿತೆಂದು ಯಾರ ಮನೆಯಲ್ಲೂ ಸಾರು ಮಾಡುವುದು ನಿಲ್ಲುವುದಿಲ್ಲ. ಹೆಚ್ಚೆಂದರೆ ಸಾರು ತೆಳ್ಳಗಾಗುತ್ತದೆ, ರೊಟ್ಟಿಯ ಜೊತೆ ಬೇಳೆಪಲ್ಯದ ಬದಲು ಶೇಂಗಾ ಹಿಂಡಿ ಬರುತ್ತದೆ. ಬೆಲೆ ಏರಿದರೂ ಇಳಿದರೂ ತಿನ್ನುವ ಪ್ರಮಾಣ ಹೆಚ್ಚು ಬದಲಾಗದ ಇಂಥ ಪದಾರ್ಥಗಳಿಗೆ 'ಬಾಗದ ಬೇಡಿಕೆ' ಇದೆ ಎನ್ನಬಹುದು. ಶರಣಬಸವೇಶ್ವರರ ಜಾತ್ರೆ ಮುಗಿದ ರಾತ್ರಿ ಊರಿಗೆ ಹೋಗುವ ಕೊನೆಯ ಟಂಟಂಗೆ ಹತ್ತು ಜನ ಕಾಯುತ್ತಿದ್ದಾರೆ, ಒಳಗೆ ಒಂಬತ್ತು ಜನಕ್ಕೆ ಜಾಗವಿದೆ ಎಂದುಕೊಳ್ಳಿ. ಕಡಿಮೆಯಾದದ್ದು ಒಂದೇ ಜಾಗ, ಆದರೂ ಎಲ್ಲರೂ ಹೋಗಲೇಬೇಕಾದ್ದರಿಂದ ಬಾಡಿಗೆ ಎರಡು ಪಟ್ಟಾಗುತ್ತದೆ. ಅದೇ ಹನ್ನೊಂದು ಜನಕ್ಕೆ ಜಾಗವಿದ್ದರೆ ಚಾಲಕನೇ ಕೂಗಿ ಕರೆದು, ಕೇಳಿದಷ್ಟಕ್ಕೆ ಹತ್ತಿಸಿಕೊಳ್ಳುತ್ತಾನೆ. ತೊಗರಿಯ ಮಾರುಕಟ್ಟೆ ಹತ್ತಿರ ಹತ್ತಿರ ಹೀಗೆಯೇ ನಡೆಯುತ್ತದೆ: ಸ್ವಲ್ಪ ಕಡಿಮೆಯಾದರೆ ಗ್ರಾಹಕನ ಜೇಬು ಹರಿಯುತ್ತದೆ, ಸ್ವಲ್ಪ ಹೆಚ್ಚಾದರೆ ಬೆಳೆಗಾರನದು.

2015ರಲ್ಲಿ ಗ್ರಾಹಕ, 2017ರಲ್ಲಿ ರೈತ

ಇದಕ್ಕೆ ನಮ್ಮ ಕಾಲದ ಅತ್ಯುತ್ತಮ ಪಾಠ ಹತ್ತು ವರ್ಷದ ಹಿಂದಿನದು. 2014 ಮತ್ತು 2015ರಲ್ಲಿ ಬೆನ್ನುಬೆನ್ನಿಗೆ ಮಳೆ ಕೈಕೊಟ್ಟಿತು. 2015–16ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ಗೆ ಇಳಿಯಿತು. 2015ರ ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ಕಿಲೋ ಬೇಳೆ 200 ರೂಪಾಯಿ ಮುಟ್ಟಿತು. ಆ ದರ ಕಂಡ ರೈತರು 2016ರ ಮುಂಗಾರಿನಲ್ಲಿ ಹತ್ತಿ, ಸೋಯಾ ಬಿಟ್ಟು ತೊಗರಿ ಬಿತ್ತಿದರು. ಮಳೆಯೂ ಚೆನ್ನಾಗಿ ಬಂತು. 2016–17ರಲ್ಲಿ ಉತ್ಪಾದನೆ ಸುಮಾರು 48.7 ಲಕ್ಷ ಟನ್‌ಗೆ, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟಿಗೆ ಏರಿತು. 2017ರ ಆರಂಭದಲ್ಲಿ ಮಾರುಕಟ್ಟೆಗಳ ದರ ಆಗಿನ ಬೆಂಬಲ ಬೆಲೆಯಾದ 5,050 ರೂಪಾಯಿಗಿಂತ ಕೆಳಗೆ ಕುಸಿಯಿತು.

ಅರ್ಥಶಾಸ್ತ್ರದಲ್ಲಿ ಇದನ್ನು 'ಜೇಡರ ಬಲೆ' ಎನ್ನುತ್ತಾರೆ. ದರ ಮತ್ತು ಬೆಳೆಯ ಏರಿಳಿತವನ್ನು ನಕ್ಷೆಯಲ್ಲಿ ಬರೆದರೆ ಗೆರೆಗಳು ಬಲೆಯಂತೆ ಸುತ್ತುವುದರಿಂದ ಬಂದ ಹೆಸರು. ಕಾರಣ ಸರಳ. ಜೂನ್, ಜುಲೈನಲ್ಲಿ ಬಿತ್ತುವವನ ಕಣ್ಣ ಮುಂದೆ ಇರುವುದು ಕಳೆದ ವರ್ಷದ ದರ, ಆತ ಮಾರುವುದು ಮುಂದಿನ ಜನವರಿಯ ದರಕ್ಕೆ. ಆರು ತಿಂಗಳ ಈ ಅಂತರದಲ್ಲಿ ಅದೇ ದರ ನೋಡಿ ಅದೇ ತೀರ್ಮಾನ ಮಾಡಿದ ಲಕ್ಷಾಂತರ ರೈತರಿರುತ್ತಾರೆ. ಒಬ್ಬೊಬ್ಬರ ತೀರ್ಮಾನವೂ ಸರಿ, ಎಲ್ಲ ಸೇರಿದಾಗ ಮಾತ್ರ ತಪ್ಪು.

ಇಲ್ಲಿ ಸರ್ಕಾರದ ತೀರ್ಮಾನಗಳೂ ಅದೇ ಬಲೆಯಲ್ಲಿ ಸಿಕ್ಕಿದ್ದನ್ನು ಗಮನಿಸಬೇಕು. ಬೇಳೆ ತುಟ್ಟಿಯಾಗಿದ್ದ 2016ರ ಜುಲೈನಲ್ಲಿ ಭಾರತವು ಮೊಜಾಂಬಿಕ್ ದೇಶದೊಂದಿಗೆ, ಅಲ್ಲಿಂದ ತೊಗರಿ ತರಿಸಿಕೊಳ್ಳುವ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರುವ ಪ್ರಮಾಣದಲ್ಲಿ. ಒಪ್ಪಂದದ ಶಾಯಿ ಒಣಗುವ ಹೊತ್ತಿಗೆ ನಮ್ಮ ಹೊಲಗಳೇ ತುಂಬಿದ್ದವು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್‌ನ ಮಿತಿ ಹಾಕಿತು, ಮರುತಿಂಗಳು ರಫ್ತಿಗೂ ಬಾಗಿಲು ತೆರೆಯಿತು. ಆ ಹೊತ್ತಿಗೆ ಸಣ್ಣ ರೈತರ ಮಾಲು ಮಾರಾಟವಾಗಿ ತಿಂಗಳುಗಳೇ ಕಳೆದಿದ್ದವು.

ಆಮದು ಎಂಬ ಇನ್ನೊಂದು ಹೊಲ

ಭಾರತ ಪ್ರಪಂಚದಲ್ಲೇ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶ, ಅತಿ ಹೆಚ್ಚು ತಿನ್ನುವ ದೇಶ, ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶವೂ ಹೌದು. ಈಚಿನ ವರ್ಷಗಳಲ್ಲಿ ನಮ್ಮ ತೊಗರಿ ಉತ್ಪಾದನೆ 33ರಿಂದ 36 ಲಕ್ಷ ಟನ್ ಆಸುಪಾಸಿನಲ್ಲಿದೆ, ತಿನ್ನುವುದು ಅದಕ್ಕಿಂತ ಹೆಚ್ಚು. ಈ ಕೊರತೆಯನ್ನು ತುಂಬುವುದು ಮುಖ್ಯವಾಗಿ ಮ್ಯಾನ್ಮಾರ್, ಮೊಜಾಂಬಿಕ್, ಮಲಾವಿ, ತಾಂಜಾನಿಯಾ ಮುಂತಾದ ದೇಶಗಳ ತೊಗರಿ.

ಹೊರದೇಶದ ಮಾಲು ಗಡಿ ದಾಟುವಾಗ ಸರ್ಕಾರ ವಸೂಲು ಮಾಡುವ ತೆರಿಗೆಯೇ ಆಮದು ಸುಂಕ. ಅದು ಒಂದು ಒಡ್ಡಿನಂತೆ. ಒಡ್ಡು ಎತ್ತರವಿದ್ದರೆ ಹೊರಗಿನ ಅಗ್ಗದ ಮಾಲು ಒಳಗೆ ನುಗ್ಗುವುದಿಲ್ಲ, ತೆಗೆದರೆ ಒಳಗಿನ ಮತ್ತು ಹೊರಗಿನ ದರ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರವು ತೊಗರಿಯನ್ನು 'ನಿರ್ಬಂಧಿತ' ಪಟ್ಟಿಯಿಂದ 'ಮುಕ್ತ' ಪಟ್ಟಿಗೆ ಸೇರಿಸಿತು. ಸುಂಕವಿಲ್ಲದೆ ಆಮದು ಮಾಡಿಕೊಳ್ಳುವ ಅವಕಾಶವನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂದು, 2025ರ ಜನವರಿಯಲ್ಲಿ, ಅಂದರೆ ನಮ್ಮಲ್ಲಿ ರಾಶಿ ನಡೆಯುತ್ತಿದ್ದ ದಿನಗಳಲ್ಲಿಯೇ, 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು. 2023–24ರಲ್ಲಿ ಸುಮಾರು 7.7 ಲಕ್ಷ ಟನ್ ಇದ್ದ ತೊಗರಿ ಆಮದು 2024–25ರಲ್ಲಿ 12 ಲಕ್ಷ ಟನ್ ದಾಟಿತು.

ಸರ್ಕಾರ ಇದನ್ನು ಸುಮ್ಮನೆ ಮಾಡಲಿಲ್ಲ. 2022–23ರಲ್ಲಿ ನೆಟೆ ರೋಗ ಬಂದು ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ಹೂವು, ಕಾಯಿ ಹೊತ್ತ ಗಿಡಗಳೇ ನಿಂತಲ್ಲೇ ಒಣಗಿದ್ದು ನಮಗೆಲ್ಲ ನೆನಪಿದೆ. ಅದರ ಮರುವರ್ಷ ಮಳೆ ಕಡಿಮೆ. ಬೇಳೆಯ ದರ ಏರುತ್ತಲೇ ಹೋಯಿತು, ರೈತನಿಗೂ ಒಳ್ಳೆಯ ದರ ಬಂತು, ನಗರದ ಗ್ರಾಹಕನ ಕೂಗು ಹೆಚ್ಚಾಯಿತು. ಆ ಕೂಗಿಗೆ ಕೊಟ್ಟ ಉತ್ತರವೇ 2021ರಲ್ಲಿ ತೆರೆದ ಬಾಗಿಲನ್ನು ಮುಚ್ಚದೆ ಇಟ್ಟದ್ದು. ಹಾಗೆ ತೆರೆದ ಬಾಗಿಲು ಬೆಳೆ ಸುಧಾರಿಸಿದ ಮೇಲೂ ತೆರೆದೇ ಇದ್ದದ್ದರಿಂದ 2025ರ ಬಹುಪಾಲು ದಿನ ತೊಗರಿ ದರ ಬೆಂಬಲ ಬೆಲೆಯ ಕೆಳಗೆ ಉಳಿಯಿತು.

ಇದರಲ್ಲಿ ಕಾಲದ ಲೆಕ್ಕವೂ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕಡಿಮೆ ಚರ್ಚೆಯಾಗುವುದು ಇದೇ. ಆಫ್ರಿಕಾದ ತೊಗರಿ ಕಟಾವಾಗುವುದು ಸುಮಾರಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅದು ಹಡಗೇರಿ ನಮ್ಮ ಬಂದರು ತಲುಪಿ ಮಿಲ್ಲುಗಳ ಗೋದಾಮು ತುಂಬುವುದು ದಸರೆಯಿಂದ ಎಳ್ಳಮಾವಾಸ್ಯೆಯ ನಡುವೆ. ಅಂದರೆ ಚಿತ್ತಾಪುರ, ಸೇಡಂ, ಆಳಂದದ ರೈತ ಕಣದಲ್ಲಿ ರಾಶಿ ಮಾಡುವ ಹೊತ್ತಿಗೆ ಖರೀದಿದಾರನ ಹೊಟ್ಟೆ ಆಗಲೇ ಅರ್ಧ ತುಂಬಿರುತ್ತದೆ. ಮ್ಯಾನ್ಮಾರಿನ ಬೆಳೆ ಬರುವುದು ನಮ್ಮ ಬೆಳೆಯ ಜೊತೆಜೊತೆಗೆ. ವರ್ಷಕ್ಕೆ ಎಷ್ಟು ಟನ್ ಬಂತು ಎಂಬುದರಷ್ಟೇ ಯಾವ ತಿಂಗಳು ಬಂತು ಎಂಬುದೂ ರೈತನಿಗೆ ಮುಖ್ಯ.

ಆಮದಿನ ದರದಲ್ಲಿ ಡಾಲರ್ ಕೂಡ ಅಡಗಿದೆ. ರೂಪಾಯಿ ಕುಸಿದರೆ ಅದೇ ತೊಗರಿಗೆ ನಾವು ಹೆಚ್ಚು ರೂಪಾಯಿ ಕೊಡಬೇಕಾಗುತ್ತದೆ, ಆಗ ನಮ್ಮ ಗಂಜ್‌ನ ದರಕ್ಕೂ ಸ್ವಲ್ಪ ಆಸರೆ ಸಿಗುತ್ತದೆ. ಡಾಲರ್ ಏರಿತೆಂಬ ಸುದ್ದಿ ಪೆಟ್ರೋಲ್ ಹಾಕಿಸುವವನಿಗೆ ಕೆಟ್ಟದ್ದು, ತೊಗರಿ ಬೆಳೆಯುವವನಿಗೆ ಅಷ್ಟೇನೂ ಕೆಟ್ಟದ್ದಲ್ಲ.

ಬೆಂಬಲ ಬೆಲೆ: ಯಾರು, ಹೇಗೆ ಹೇಳುತ್ತಾರೆ

ಕನಿಷ್ಠ ಬೆಂಬಲ ಬೆಲೆಯನ್ನು ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ. ಇದು 1965ರಲ್ಲಿ ಕೃಷಿ ಬೆಲೆ ಆಯೋಗ ಎಂಬ ಹೆಸರಿನಿಂದ ಹುಟ್ಟಿ 1985ರಲ್ಲಿ ಈಗಿನ ಹೆಸರು ಪಡೆಯಿತು. 22 ಬೆಳೆಗಳಿಗೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಚಿವ ಸಂಪುಟ ಒಪ್ಪುತ್ತದೆ. ತೊಗರಿಗೆ 2014–15ರಲ್ಲಿ 4,350 ರೂಪಾಯಿ ಇದ್ದದ್ದು 2023–24ರಲ್ಲಿ 7,000, 2024–25ರಲ್ಲಿ 7,550, 2025–26ರಲ್ಲಿ 8,000 ಆಯಿತು. 2024–25ರ ಹಂಗಾಮಿನಲ್ಲಿ ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ ಕೊಟ್ಟಿತ್ತು.

ಈ ಅಂಕಿ ಎಲ್ಲಿಂದ ಬರುತ್ತದೆ? ಬೆಳೆಯ ಖರ್ಚಿನಿಂದ. ಆದರೆ ಖರ್ಚನ್ನು ಹಿಡಿಯುವುದರಲ್ಲಿ ಮೂರು ಬಗೆಗಳಿವೆ. ಬೀಜ, ಗೊಬ್ಬರ, ಔಷಧಿ, ಕೂಲಿ, ಡೀಸೆಲ್ ಎಂದು ಕೈಯಿಂದ ಹೋದ ಖರ್ಚು ಮೊದಲನೆಯದು, ಇದಕ್ಕೆ ಎ2 ಎಂದು ಹೆಸರು. ಕೂಲಿಯಿಲ್ಲದೆ ಹೊಲದಲ್ಲಿ ದುಡಿದ ಗಂಡ, ಹೆಂಡತಿ, ಮಕ್ಕಳ ಶ್ರಮಕ್ಕೂ ಬೆಲೆ ಕಟ್ಟಿ ಸೇರಿಸಿದರೆ ಎರಡನೆಯದು, ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನನ್ನು ಲಾವಣಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ, ಹೂಡಿದ ಬಂಡವಾಳದ ಬಡ್ಡಿ ಇವನ್ನೂ ಕೂಡಿಸಿದರೆ ಮೂರನೆಯದು, ಸಿ2. ಖಾನಾವಳಿ ನಡೆಸುವವರ ಲೆಕ್ಕಕ್ಕೆ ಹೋಲಿಸಿದರೆ, ಜೋಳ, ಬೇಳೆ, ಎಣ್ಣೆಯ ಖರ್ಚು ಎ2; ರೊಟ್ಟಿ ಬಡಿದ ಮನೆಯವರ ದುಡಿಮೆಯೂ ಸೇರಿದರೆ ಎರಡನೆಯದು; ಅಂಗಡಿಯ ಜಾಗ ಸ್ವಂತದ್ದಾದರೂ ಅದಕ್ಕೆ ಬಾಡಿಗೆ ಹಿಡಿದು ಲೆಕ್ಕ ಹಾಕಿದರೆ ಸಿ2.

2018–19ರ ಬಜೆಟ್‌ನಲ್ಲಿ ಕೇಂದ್ರವು ಖರ್ಚಿನ ಕನಿಷ್ಠ ಒಂದೂವರೆ ಪಟ್ಟು ಕೊಡುವ ತತ್ವ ಘೋಷಿಸಿತು, ಅದಕ್ಕೆ ಹಿಡಿದದ್ದು ಎರಡನೆಯ ಬಗೆಯ ಖರ್ಚನ್ನು. 2025–26ಕ್ಕೆ ತೊಗರಿಯ ಈ ಖರ್ಚು ಕ್ವಿಂಟಲ್‌ಗೆ 5,038 ರೂಪಾಯಿ ಎಂದು ಲೆಕ್ಕ ಹಾಕಲಾಯಿತು, 8,000 ರೂಪಾಯಿ ಎಂದರೆ ಅದಕ್ಕಿಂತ ಶೇ 59 ಹೆಚ್ಚು. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2ರ ಒಂದೂವರೆ ಪಟ್ಟು. ಬೆಂಬಲ ಬೆಲೆಯ ಬಗೆಗಿನ ಬಹುಪಾಲು ಜಗಳ ಈ ಎರಡು ಅಕ್ಷರಗಳ ನಡುವಿನದು.

ಇನ್ನೊಂದು ಸೂಕ್ಷ್ಮವಿದೆ. 5,038 ಎಂಬುದು ಇಡೀ ದೇಶದ ಸರಾಸರಿ. ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ ಎಕರೆಗೆ 18,000 ರೂಪಾಯಿ ಖರ್ಚಾಯಿತು ಎಂದು ಉದಾಹರಣೆಗೆ ಹಿಡಿಯೋಣ. ನಾಲ್ಕು ಕ್ವಿಂಟಲ್ ಬಂದರೆ ಕ್ವಿಂಟಲ್‌ಗೆ ಖರ್ಚು 4,500. ನೀರು ನಿಂತು ಎರಡೂವರೆ ಕ್ವಿಂಟಲ್‌ಗೆ ಇಳಿದರೆ ಅದೇ ಖರ್ಚು 7,200. ಹೊಲ ಅದೇ, ಖರ್ಚು ಅದೇ, ಬೆಂಬಲ ಬೆಲೆಯೂ ಅದೇ, ಆದರೆ ಲಾಭ ಕ್ವಿಂಟಲ್‌ಗೆ 3,500ರಿಂದ 800ಕ್ಕೆ ಬಂದು ನಿಲ್ಲುತ್ತದೆ. ಬೆಲೆಯ ನಷ್ಟಕ್ಕೆ ಬೆಂಬಲ ಬೆಲೆ, ಬೆಳೆಯ ನಷ್ಟಕ್ಕೆ ವಿಮೆ ಮತ್ತು ಪರಿಹಾರ; ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಘೋಷಣೆ ಬೇರೆ, ಖರೀದಿ ಬೇರೆ

ಬೆಂಬಲ ಬೆಲೆಯ ಕೆಳಗೆ ಯಾರೂ ಕೊಳ್ಳಬಾರದು ಎಂದು ವ್ಯಾಪಾರಿಗೆ ಕಟ್ಟುಪಾಡು ಹಾಕುವ ಕೇಂದ್ರದ ಕಾನೂನು ಇಲ್ಲ. ಈ ಬೆಲೆಗೆ ನಾನು ಕೊಳ್ಳುತ್ತೇನೆ ಎಂದು ಸರ್ಕಾರ ಹೇಳುವ ಮಾತು ಅದು, ಅಷ್ಟೇ. ಆದ್ದರಿಂದ ಅದರ ಬಲವೆಲ್ಲ ಸರ್ಕಾರ ಎಷ್ಟು ಕೊಳ್ಳುತ್ತದೆ, ಯಾವಾಗ ಕೊಳ್ಳುತ್ತದೆ ಎಂಬುದರಲ್ಲಿದೆ. ತೊಗರಿಯನ್ನು ಕೇಂದ್ರದ ಪರವಾಗಿ ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ಸಹಕಾರ ಸಂಸ್ಥೆಗಳು ರಾಜ್ಯದ ಸಂಸ್ಥೆಗಳ ಮೂಲಕ ಕೊಳ್ಳುತ್ತವೆ. ಹಳ್ಳಿಯ ಮಟ್ಟದಲ್ಲಿ ಅದು ಸಹಕಾರ ಸಂಘದ ಅಥವಾ ರೈತ ಉತ್ಪಾದಕ ಕಂಪನಿಯ ಖರೀದಿ ಕೇಂದ್ರವಾಗಿ ಕಾಣುತ್ತದೆ. ಮೊದಲು ರಾಜ್ಯದ ಉತ್ಪಾದನೆಯ ಶೇ 25ರಷ್ಟಕ್ಕೆ ಮಿತಿ ಇತ್ತು. 2025ರ ಬಜೆಟ್‌ನಲ್ಲಿ ತೊಗರಿ, ಉದ್ದು, ಮಸೂರಗಳನ್ನು ನೋಂದಾಯಿಸಿದ ರೈತರು ತಂದಷ್ಟನ್ನೂ ನಾಲ್ಕು ವರ್ಷ ಕೊಳ್ಳುವುದಾಗಿ ಘೋಷಿಸಲಾಗಿದೆ.

ಖರೀದಿ ಕೇಂದ್ರಕ್ಕೆ ಒಂದು ಕ್ವಿಂಟಲ್ಲನ್ನೂ ಕೊಡದ ರೈತನಿಗೂ ಇದರ ಪ್ರಯೋಜನ ಉಂಟು. ಕೇಂದ್ರಗಳು ಬಿರುಸಾಗಿ ಕೊಂಡಾಗ ಗಂಜ್‌ಗೆ ಬರುವ ಆವಕ ಕುಗ್ಗುತ್ತದೆ, ಮಾಲು ಬೇಕಾದ ಮಿಲ್ಲಿನವರು ದರ ಏರಿಸಲೇಬೇಕಾಗುತ್ತದೆ. ಅದೇ ಕೇಂದ್ರ ತಡವಾಗಿ ತೆರೆದರೆ ಸಾಲ ತೀರಿಸಬೇಕಾದ ಸಣ್ಣ ರೈತ ಕಾಯಲಾರದೆ ಮಾರಿಬಿಟ್ಟಿರುತ್ತಾನೆ, ಕಾಯುವ ಶಕ್ತಿ ಇದ್ದವನಿಗಷ್ಟೇ ಆ ಬೆಲೆ ದಕ್ಕುತ್ತದೆ.

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆಯಲ್ಲ, ಅದರಿಂದ ದರ ಏರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾನ್ಯತೆ ಹೆಸರನ್ನು ಕಾಯುತ್ತದೆ, ಬೇರೆ ಕಡೆಯ ಬೇಳೆಯನ್ನು ಈ ಹೆಸರಿನಲ್ಲಿ ಮಾರದಂತೆ ತಡೆಯುತ್ತದೆ. ದರವನ್ನು ಅದು ಗೊತ್ತುಮಾಡುವುದಿಲ್ಲ.

ದಿಲ್ಲಿಗೆ ಬೇಳೆಯ ಚಿಂತೆ ಏಕೆ

ಹಣದುಬ್ಬರ ಎಂದರೆ ಒಂದು ಸಾಮಾನ್ಯ ಮನೆಯ ಖರ್ಚು ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ ಎಷ್ಟು ಏರಿದೆ ಎಂಬ ಲೆಕ್ಕ. 2012ನ್ನು ಆಧಾರವಾಗಿಟ್ಟುಕೊಂಡ ಸೂಚ್ಯಂಕದಲ್ಲಿ ಮನೆಯ 100 ರೂಪಾಯಿ ಖರ್ಚಿನಲ್ಲಿ ಬೇಳೆಕಾಳುಗಳ ಪಾಲು 2 ರೂಪಾಯಿ 38 ಪೈಸೆ. ಪಾಲು ಸಣ್ಣದೆನಿಸಿದರೂ, 2023ರ ಡಿಸೆಂಬರ್‌ನಲ್ಲಿ ಆದಂತೆ ಬೇಳೆಕಾಳು ಶೇ 20ಕ್ಕಿಂತ ಹೆಚ್ಚು ತುಟ್ಟಿಯಾದರೆ, ಅದೊಂದರಿಂದಲೇ ಒಟ್ಟು ಹಣದುಬ್ಬರಕ್ಕೆ ಅರ್ಧ ಶೇಕಡಾ ಅಂಶದಷ್ಟು ಸೇರುತ್ತದೆ. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿಯೇ ಶೇ 4, ಎರಡು ಅಂಶ ಆಚೀಚೆ. ಹಣದುಬ್ಬರ ಏರಿದರೆ ಬಡ್ಡಿ ದರ ಇಳಿಸುವುದು ಕಷ್ಟ, ಬೆಂಗಳೂರಿನಲ್ಲಿ ಮನೆ ಸಾಲ ತೆಗೆದವರ ಕಂತೂ ಇಳಿಯುವುದಿಲ್ಲ. ಆಳಂದದ ತೊಗರಿಗೂ ಬೆಂಗಳೂರಿನ ಕಂತಿಗೂ ಇಷ್ಟು ಹತ್ತಿರದ ನಂಟು.

ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ, ಬೆಲೆ ಏರುವ ವೇಗ ಇಳಿಯಿತು ಎಂದು. ಆದರೆ 2025ರ ಅಕ್ಟೋಬರ್‌ನಲ್ಲಿ ಬೇಳೆಕಾಳುಗಳಲ್ಲಿ ಬೆಲೆಗಳೇ ವರ್ಷದ ಹಿಂದಿಗಿಂತ ಸುಮಾರು ಶೇ 16ರಷ್ಟು ಕೆಳಗಿದ್ದವು. ಪತ್ರಿಕೆಯಲ್ಲಿ ಅದು ಒಳ್ಳೆಯ ಸುದ್ದಿಯಾಗಿ ಬಂತು. ಅದನ್ನು ಓದಿದ ನಮ್ಮ ಕಡೆಯವರು ಬೇಳೆ ಕೊಳ್ಳುವವರೂ ಹೌದು, ತೊಗರಿ ಮಾರುವವರೂ ಹೌದು.

ಸರ್ಕಾರದ ಕೈಯಲ್ಲಿರುವ ಇನ್ನೊಂದು ಉಪಕರಣ ದಾಸ್ತಾನು ಮಿತಿ. ವ್ಯಾಪಾರಿ, ಮಿಲ್ಲಿನವರು ಎಷ್ಟು ಟನ್ ಇಟ್ಟುಕೊಳ್ಳಬಹುದು ಎಂದು ಕಟ್ಟು ಹಾಕುವುದು. 2023ರ ಜೂನ್‌ನಲ್ಲಿ ತೊಗರಿ, ಉದ್ದಿಗೆ ಸಗಟು ವ್ಯಾಪಾರಿಗಳಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಹಾಕಿ, ಸೆಪ್ಟೆಂಬರ್‌ನಲ್ಲಿ ಸಗಟಿನದನ್ನು 50 ಟನ್‌ಗೆ ಇಳಿಸಿದರು. ಬಚ್ಚಿಟ್ಟದ್ದು ಹೊರಬಂದು ಬೇಳೆ ಅಗ್ಗವಾಗಲಿ ಎಂಬುದು ಉದ್ದೇಶ. ಆದರೆ ಇಟ್ಟುಕೊಳ್ಳಲಾಗದ ವ್ಯಾಪಾರಿ ಕೊಳ್ಳುವುದನ್ನೂ ಕಡಿಮೆ ಮಾಡುತ್ತಾನೆ.

ಕಾಕಾ ಅವರ ಉಳಿದ ಮಾಲು

ಕಾಕಾ ಆ ದಿನ ಗಂಜ್‌ನಲ್ಲಿ ಮಾರಿದ್ದು ಎಂಟು ಕ್ವಿಂಟಲ್, ಸಂಘದ ಸಾಲ ಕಟ್ಟಲು ಬೇಕಾದಷ್ಟು. ಇನ್ನು ಹನ್ನೆರಡು ಕ್ವಿಂಟಲ್ಲನ್ನು ಖರೀದಿ ಕೇಂದ್ರವೊಂದಕ್ಕೆ ಒಯ್ದರು. ಅಲ್ಲಿ ತೇವಾಂಶ ಅಳೆಯುವ ಯಂತ್ರ ಶೇ 13.5 ತೋರಿಸಿತು. ಮಿತಿ ಇರುವುದು ಶೇ 12. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಮಾಲನ್ನು ವಾಪಸು ತಂದು, ಮನೆಯ ಮುಂದೆ ತಾಡಪತ್ರಿ ಹಾಸಿ ಎರಡು ದಿನ ಬಿಸಿಲಿಗೆ ಹರವಿದರು.

ಆ ಸಂಜೆ ನಾವು ಕುಳಿತು ಲೆಕ್ಕ ಹಾಕಿದೆವು. 13.5 ತೇವಾಂಶದ ನೂರು ಕಿಲೋ ತೊಗರಿಯಲ್ಲಿ ಒಣ ಕಾಳು 86.5 ಕಿಲೋ. ಅದನ್ನು 12ಕ್ಕೆ ಒಣಗಿಸಿದರೆ ತೂಕ 98.3 ಕಿಲೋಗೆ ಬರುತ್ತದೆ, 1.7 ಕಿಲೋ ನೀರಾಗಿ ಹಾರಿಹೋಗುತ್ತದೆ. 8,000 ರೂಪಾಯಿಯಂತೆ ಕೈಗೆ ಬರುವುದು 7,864. ಗಂಜ್‌ನ 7,100ಕ್ಕಿಂತ 764 ಹೆಚ್ಚು, ಹನ್ನೆರಡು ಕ್ವಿಂಟಲ್‌ಗೆ 9,168 ರೂಪಾಯಿ. ಇದರಲ್ಲಿ ಎರಡು ಸಲ ಹೆಚ್ಚಿಗೆ ಓಡಾಡಿದ ಟ್ರ್ಯಾಕ್ಟರ್ ಬಾಡಿಗೆ, ಹರವಿ ತುಂಬಿದ ಕೂಲಿ, ಹಣ ಖಾತೆಗೆ ಬರುವವರೆಗಿನ ಬಡ್ಡಿ ಕಳೆಯಬೇಕು.

"ಹಂಗಾದ್ರ ಕಾಯೋದೇ ಛಲೋ," ಎಂದು ಕಾಕಾ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದರು. ಟಕ್ ಎಂದಿತು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಚೀಲ ತುಂಬತೊಡಗಿದರು.